ಯಾಕ್ ಬರ್ಲಿಲ್ಲ ಅಂತ ಕೇಳುವವರು

(ಕಡೂರು, ತರೀಕೆರೆ, ಅಜ್ಜಂಪುರದ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ನಮ್ಮ ಕೇರಿಯ ಹುಡುಗ ಓದು ಬಿಡುವುದು ಫೇಲಾದ ದಿನ ಅಲ್ಲ, ಅದಕ್ಕೂ ಮುಂಚೆಯೇ. ಹಬ್ಬಕ್ಕೆ ಅಂತ ಊರಿಗೆ ಹೋದವನು ಎರಡು ದಿನ ತಡವಾಗಿ ಬರುತ್ತಾನೆ. ಮುಂದಿನ ಸಲ ವಾರವಾದರೂ ಬರುವುದಿಲ್ಲ. ಈರುಳ್ಳಿ ಕೀಳಲು ಕೂಲಿ ಸಿಕ್ಕಿರುತ್ತದೆ, ಅಪ್ಪನ ಮೇಲೆ ಸಾಲ ಇರುತ್ತದೆ. ಅವ್ವ ಕಾಫಿ ಹಣ್ಣು ಬಿಡಿಸಲು ತೋಟಕ್ಕೆ ಹೋಗಿರುತ್ತಾಳೆ, ಮನೆಯಲ್ಲಿ ಚಿಕ್ಕವರನ್ನು ನೋಡುವವರಿಲ್ಲ. ಹದಿನೈದು ದಿನ ಆದ ಮೇಲೆ ಮೇಷ್ಟ್ರಿಗೆ ಮುಖ ತೋರಿಸಲು ನಾಚಿಕೆ. ಬೀರೂರಿನಲ್ಲಿ ಬೆಂಗಳೂರಿನ ರೈಲು ಹತ್ತಿಬಿಡುತ್ತಾನೆ.

ಆ ಹದಿನೈದು ದಿನದಲ್ಲಿ ‘ಯಾಕೋ ತಮ್ಮಾ, ಯಾಕ್ ಬರ್ಲಿಲ್ಲ?’ ಅಂತ ಕೇಳುವವರು ಒಬ್ಬರು ಬೇಕು. ಆ ಒಬ್ಬರು ನಾವಾಗಬೇಕು ಅನ್ನುವುದೇ ನನ್ನ ಇವತ್ತಿನ ಮಾತು.

ಸರ್ಕಾರ ಕೇಳಲಿ ಅನ್ನಬಹುದು. 2009ರ ಶಿಕ್ಷಣ ಹಕ್ಕಿನ ಕಾಯಿದೆ 6ರಿಂದ 14 ವರ್ಷದವರಿಗೆ. ಎಸ್ಸೆಸ್ಸೆಲ್ಸಿ, ಪಿಯುಸಿ ಬರುವುದೇ ಅದಾದ ಮೇಲೆ. ಕಾಯಿದೆ ಕೈಬಿಡುವ ವಯಸ್ಸಿನಲ್ಲೇ ಹುಡುಗನೂ ಕೈಜಾರುತ್ತಾನೆ.

ನಾವು ಕೇಳದಿದ್ದರೆ ಬೇರೆಯವರು ಕೇಳ್ತಾರೆ. ಎಲೆಕ್ಷನ್ ಬಂದಾಗ ಬಾವುಟ ಕೊಟ್ಟು, ಬೈಕಿಗೆ ಪೆಟ್ರೋಲ್ ಹಾಕಿಸಿ, ಬಾಟಲಿ ಕೈಗಿಟ್ಟು ಹೆಗಲ ಮೇಲೆ ಕೈ ಹಾಕುವ ಅಣ್ಣಂದಿರಿಗೆ ಯಾವ ಊರಲ್ಲೂ ಬರ ಇಲ್ಲ. ಕೇಸು ಬಿದ್ದ ದಿನ ಆ ಅಣ್ಣ ಊರಲ್ಲೇ ಇರುವುದಿಲ್ಲ.

ಬಾಬಾಸಾಹೇಬರನ್ನು ನೆನೆಯಿರಿ. ಮುಂಬಯಿಯ ಚರ್ನಿ ರಸ್ತೆಯ ತೋಟದಲ್ಲಿ ಒಬ್ಬನೇ ಕೂತು ಓದುತ್ತಿದ್ದ ಹುಡುಗ ಭೀಮನನ್ನು ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಮೇಷ್ಟ್ರು ಗಮನಿಸಿ ಮಾತಾಡಿಸಿದರು, ಪುಸ್ತಕ ಕೊಟ್ಟರು. 1907ರಲ್ಲಿ ಹುಡುಗ ಮೆಟ್ರಿಕ್ ಪಾಸಾದಾಗ ತಾವೇ ಬರೆದ ಬುದ್ಧನ ಚರಿತ್ರೆಯನ್ನು ಕೈಗಿಟ್ಟರು. ಮುಂದೆ ಕಾಲೇಜಿಗೆ ದುಡ್ಡಿಲ್ಲದಾಗ ಬರೋಡದ ಸಯಾಜಿರಾವ್ ಮಹಾರಾಜರ ಹತ್ತಿರ ಕರೆದುಕೊಂಡು ಹೋದರು. ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಸಿಕ್ಕಿತು. ಓದಿದ್ದು, ಹೋರಾಡಿದ್ದು ಭೀಮರಾಯರೇ. ಆದರೆ ದಾರಿ ಮುಚ್ಚಿದ ಹೊತ್ತಿಗೆ ಪಕ್ಕದಲ್ಲಿ ಒಬ್ಬ ಹಿರಿಯ ಇದ್ದ.

ಅಷ್ಟು ದೂರವೇ ಯಾಕೆ? ತರೀಕೆರೆಯ ಪಕ್ಕದ ಭದ್ರಾವತಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದವರು ಬಿ. ಕೃಷ್ಣಪ್ಪ. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದವರಲ್ಲಿ ಮುಂದಾಳು. ಆ ಚಳವಳಿಗೆ ಬಂದವರಲ್ಲಿ ನಮ್ಮಂಥ ಹಾಸ್ಟೆಲ್ ಹುಡುಗರು ಎಷ್ಟೋ ಮಂದಿ. ಮೇಷ್ಟ್ರು ಕ್ಲಾಸು ಮುಗಿದ ಮೇಲೂ ಮೇಷ್ಟ್ರಾಗಿ ಉಳಿದರೆ ಏನಾಗುತ್ತದೆ ಅನ್ನುವುದಕ್ಕೆ ಇದು ಸಾಕ್ಷಿ.

ನಾವೇನು ಮಾಡಬೇಕು? ದೊಡ್ಡ ಸ್ಕೀಮು ಬೇಡ. ಪಿಯುಸಿ, ಡಿಗ್ರಿ ಓದುವ ಒಬ್ಬೊಬ್ಬರೂ ಇಬ್ಬರು ಕಿರಿಯರ ಹೆಸರು ಬರೆದುಕೊಳ್ಳಿ. ಮೂರು ದಿನ ಕಾಣದಿದ್ದರೆ ಮನೆಗೆ ಹೋಗಿ. ಅಪ್ಪ ಅವ್ವನ ಹತ್ತಿರ ಕೂತು ಮಾತಾಡಿ. ಜಾತಿ ಸರ್ಟಿಫಿಕೇಟು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಸರಿ ಇದೆಯಾ ನೋಡಿ. ಅದಿಲ್ಲದೆ ಸ್ಕಾಲರ್‌ಶಿಪ್ ನಿಂತು ಓದೇ ನಿಂತಿರುತ್ತದೆ. ಫೇಲಾದವನನ್ನು ಮತ್ತೆ ಪರೀಕ್ಷೆಗೆ ಕೂರಿಸಿ.

ತಂಗಿಯರಿಗೆ ಅಕ್ಕಂದಿರು ಬೇಕು. 18 ತುಂಬದ ಹುಡುಗಿಗೆ ಗಂಡು ನೋಡುತ್ತಿದ್ದಾರೆ ಅನ್ನುವ ಸುದ್ದಿ ಮೊದಲು ತಿಳಿಯುವುದು ಜೊತೆಯ ಹುಡುಗಿಗೆ. 1098ಕ್ಕೆ ಫೋನ್ ಮಾಡಲು ಹೆದರಬೇಡಿ.

ಒಂದು ಎಚ್ಚರಿಕೆ. ಸೀನಿಯರ್ ಅಂತ ಕಿರಿಯರ ಕೈಲಿ ಬಟ್ಟೆ ಒಗೆಸುವವನು, ಹೊಡೆಯುವವನು ಅಣ್ಣ ಅಲ್ಲ, ಇನ್ನೊಬ್ಬ ಗೌಡ. ಗೌಡಿಕೆ ತಪ್ಪಿಸಿಕೊಂಡು ಬಂದವರು ಹಾಸ್ಟೆಲಿನಲ್ಲಿ ಗೌಡಿಕೆ ಮಾಡಬಾರದು. ಕಿರಿಯನ ಮಾತು ಪೂರ್ತಿ ಕೇಳಿ, ಆಮೇಲೆ ಬುದ್ಧಿ ಹೇಳಿ.

ಇವತ್ತು ರಾತ್ರಿ ಊಟಕ್ಕೆ ಕೂತಾಗ ಸಾಲಿನಲ್ಲಿ ಯಾರ ತಟ್ಟೆ ಇಲ್ಲ ಅಂತ ನೋಡಿ. ನಾಳೆ ಬೆಳಗ್ಗೆ ಬಸ್ಸು ಹತ್ತಿ ಅವನ ಊರಿಗೆ ಹೋಗಿ.

ಜೈ ಭೀಮ್.