ನೋಡುವವರು ಬಹಳ, ಮಾತಾಡುವವರು ಕಡಿಮೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಟಕರು ನನಗೆ ಕೊಟ್ಟ ವಿಷಯ 'ಯುವಜನರು ಮತ್ತು ಮೊಬೈಲಿನ ರಾಜಕೀಯ'. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ ಎಂಬ ಕಾರಣಕ್ಕೆ ಕೊಟ್ಟಿರಬೇಕು. ಈ ಮಾತು ಬಂದಾಗ ಹಿರಿಯರು ಎರಡು ದೂರು ಹೇಳುತ್ತಾರೆ. 'ಈಗಿನ ಹುಡುಗರಿಗೆ ರಾಜಕೀಯ ಬೇಕಾಗಿಲ್ಲ, ಬರೇ ರೀಲ್ಸ್ ನೋಡ್ತಾರ' ಎಂಬುದು ಒಂದು. 'ಮೊಬೈಲಿನ್ಯಾಗ ರಾಜಕೀಯ ಮಾಡಿ ಮಾಡಿ ಹುಡುಗರು ಕೆಟ್ಟುಹೋದರು' ಎಂಬುದು ಇನ್ನೊಂದು. ಒಬ್ಬರೇ ಹಿರಿಯರು ಒಂದೇ ಚಹಾದ ಹೊತ್ತಿನಲ್ಲಿ ಎರಡನ್ನೂ ಹೇಳಿದ್ದನ್ನು ಕೇಳಿದ್ದೇನೆ. ನಾನು ದಿನಾ ತರಗತಿಯಲ್ಲಿ ಕಾಣುವ ಹುಡುಗ ಹುಡುಗಿಯರು ಈ ಎರಡರಲ್ಲೂ ಸೇರುವುದಿಲ್ಲ. ಅವರು ಎಲ್ಲವನ್ನೂ ನೋಡುತ್ತಾರೆ. ಯಾವ ನಾಯಕರು ಎಲ್ಲಿ ಏನಂದರು, ಯಾವ ವಿಡಿಯೊ ಹಳೆಯದು, ಯಾವುದಕ್ಕೆ ಧ್ವನಿ ಬೇರೆ ಸೇರಿಸಿದ್ದಾರೆ, ನನಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ. ಆದರೆ ನಾಲ್ಕು ಜನ ನೋಡುವ ಜಾಗದಲ್ಲಿ ಅವರು ಬಾಯಿ ತೆರೆಯುವುದಿಲ್ಲ.

ಯಾಕೆ ಎಂದು ಕೇಳಿದ್ದೇನೆ. ಮನೆತನದ ವಾಟ್ಸ್ಆ್ಯಪ್ ಗುಂಪಿನಲ್ಲಿ ದೊಡ್ಡಪ್ಪ ಒಂದು ಸುದ್ದಿ ಹಾಕುತ್ತಾರೆ. ಮೇಲೆ ಎರಡು ಬಾಣದ ಗುರುತು, ಅಂದರೆ ಬಹಳ ಸಲ ಕೈ ದಾಟಿ ಬಂದದ್ದು. ಇಪ್ಪತ್ತು ವರ್ಷದ ಹುಡುಗನಿಗೆ ಅದು ಸುಳ್ಳೆಂದು ಓದಿದ ಕೂಡಲೇ ಹೊಳೆಯುತ್ತದೆ. 'ಆದ್ರ ದೊಡ್ಡಪ್ಪಗ ಎದುರು ಮಾತಾಡಿದಂಗ ಆಗ್ತದಲ್ರೀ ಸರ್' ಅನ್ನುತ್ತಾನೆ. ಹುಡುಗಿಯರ ಉತ್ತರ ಬೇರೆ. 'ನಾವು ಬರದ್ರ ವಿಷಯ ಬಿಟ್ಟು ನಮ್ಮ ಬಗ್ಗೆನೇ ಮಾತು ಶುರು ಆಗ್ತದ' ಅನ್ನುತ್ತಾರೆ. ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುವವರಿಗೆ ಸ್ಕ್ರೀನ್‌ಶಾಟಿನ ಭಯ. ಇವತ್ತು ಬರೆದದ್ದನ್ನು ನಾಳೆ ಯಾರೋ ತೋರಿಸಿದರೆ ನೌಕರಿಗೆ ಕುತ್ತು ಎಂಬ ಅಂಜಿಕೆ. ಇವು ಹುರುಳಿಲ್ಲದ ಕಾರಣಗಳೆಂದು ನನಗೆ ಅನ್ನಿಸುವುದಿಲ್ಲ. ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಲು ನಾವು 1988ರಲ್ಲಿ ಸಂವಿಧಾನಕ್ಕೆ 61ನೇ ತಿದ್ದುಪಡಿ ತಂದೆವು. ಮನೆಯಲ್ಲಿ ಮಾತಾಡುವ ವಯಸ್ಸನ್ನು ಯಾವ ತಿದ್ದುಪಡಿಯೂ ಇಳಿಸಲಿಲ್ಲ.

ಹಾಗಾದರೆ ಉತ್ತರ ಎಲ್ಲಿ ಹೋಗುತ್ತದೆ? ಎಲ್ಲಿಗಾದರೂ ಹೋಗಲೇಬೇಕಲ್ಲ. ನಾಲ್ಕೈದು ಗೆಳೆಯರ ಪುಟ್ಟ ಗುಂಪಿಗೆ ಹೋಗುತ್ತದೆ. ಅಲ್ಲಿ ದೊಡ್ಡಪ್ಪನ ಸುದ್ದಿಗೆ ನಗು ಬೀಳುತ್ತದೆ. ಸ್ಟೇಟಸ್ಸಿಗೆ ಹೋಗುತ್ತದೆ. ಸ್ಟೇಟಸ್ 24 ತಾಸಿಗೆ ಅಳಿಸಿಹೋಗುತ್ತದೆ, ಯಾರಿಗೆ ಕಾಣಬೇಕು, ಯಾರಿಗೆ ಕಾಣಬಾರದು ಎಂದು ಮೊದಲೇ ಗೊತ್ತುಮಾಡಲೂ ಬರುತ್ತದೆ. ಇಲ್ಲಿ ಕುಳಿತ ತಂದೆಯವರಿಗೆ ಒಂದು ಮಾತು: ನಿಮ್ಮ ಮಗ ಸ್ಟೇಟಸ್ಸೇ ಇಡುವುದಿಲ್ಲ ಎಂದುಕೊಂಡಿದ್ದರೆ, ಬಹುಶಃ ನಿಮಗೆ ಕಾಣದಂತೆ ಇಡುತ್ತಿದ್ದಾನೆ. (ನಗಬೇಡಿ ಹುಡುಗರೇ, ಎಲ್ಲರೂ ಈ ಕಡೆ ನೋಡುತ್ತಿದ್ದಾರೆ.)

ಇದು ನಮ್ಮ ಕಡೆಯ ಜನರ ಸಂಕೋಚ ಮಾತ್ರವಲ್ಲ. ಜರ್ಮನಿಯ ಎಲಿಜಬೆತ್ ನೋಯೆಲ್ ನಾಯ್‌ಮನ್ ಎಂಬ ವಿದ್ವಾಂಸೆ 1974ರಲ್ಲೇ ಹೇಳಿದ್ದರು: ತನ್ನ ಅಭಿಪ್ರಾಯದವರು ಕಡಿಮೆ ಎಂದು ಅನ್ನಿಸಿದ ಕೂಡಲೇ ಮನುಷ್ಯ ಸುಮ್ಮನಾಗುತ್ತಾನೆ, ಅವನು ಸುಮ್ಮನಾದದ್ದರಿಂದ ಆ ಅಭಿಪ್ರಾಯದವರು ಇನ್ನೂ ಕಡಿಮೆ ಇದ್ದಂತೆ ಕಾಣುತ್ತದೆ, ಅದನ್ನು ಕಂಡು ಮತ್ತೊಬ್ಬ ಸುಮ್ಮನಾಗುತ್ತಾನೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2013ರಲ್ಲಿ, ಸರ್ಕಾರ ಜನರ ಫೋನ್ ಮಾಹಿತಿ ಸಂಗ್ರಹಿಸುವ ಪ್ರಶ್ನೆಯ ಬಗ್ಗೆ ಅಲ್ಲಿನ ವಯಸ್ಕರನ್ನು ಕೇಳಿತು. ಎದುರುಬದುರು ಕುಳಿತು ಮಾತಾಡಲು ಒಪ್ಪಿದವರು ನೂರಕ್ಕೆ 86. ಫೇಸ್‌ಬುಕ್, ಟ್ವಿಟರ್ ಬಳಸುವವರಲ್ಲಿ ಅಲ್ಲಿ ಬರೆಯಲು ಒಪ್ಪಿದವರು ನೂರಕ್ಕೆ 42. ಎಲ್ಲರಿಗೂ ಬಾಯಿ ಕೊಟ್ಟಿತು ಎಂದು ನಾವು ಹೊಗಳಿದ ಯಂತ್ರದ ಮುಂದೆ ಜನ ಕಟ್ಟೆಗಿಂತ ಕಡಿಮೆ ಮಾತಾಡುತ್ತಾರೆ.

ಇನ್ನೊಂದು ಸಂಗತಿ ಹುಡುಗರೇ ಗಮನಿಸಿರುವುದಿಲ್ಲ. 'ನಾನು ಲೈಕ್ ಒತ್ತಿಲ್ಲ, ಕಮೆಂಟ್ ಹಾಕಿಲ್ಲ, ಬರೇ ನೋಡೀನಿ' ಅನ್ನುತ್ತಾರೆ. ರೀಲ್ಸ್ ತೋರಿಸುವ ಯಂತ್ರಕ್ಕೆ ನೋಡುವುದೂ ಒಂದು ಉತ್ತರವೇ. ಯಾವ ವಿಡಿಯೊದ ಮೇಲೆ ಎಷ್ಟು ಹೊತ್ತು ನಿಂತಿರಿ, ಎರಡನೇ ಸಲ ನೋಡಿದಿರಾ, ಗೆಳೆಯನಿಗೆ ಕಳಿಸಿದಿರಾ, ಎಲ್ಲವನ್ನೂ ಅದು ಲೆಕ್ಕ ಇಡುತ್ತದೆ. ಸಿಟ್ಟು ಬಂದು ನೋಡಿದಿರೋ ಮೆಚ್ಚಿ ನೋಡಿದಿರೋ ಆ ಲೆಕ್ಕದಲ್ಲಿ ಅಷ್ಟಾಗಿ ತಿಳಿಯುವುದಿಲ್ಲ. ಬೈಯುತ್ತಲೇ ನೋಡಿದವನಿಗೂ ಮರುದಿನ ಅಂಥದ್ದೇ ಹತ್ತು ಬರುತ್ತವೆ.

ಈಗ ನಮ್ಮ ಜಿಲ್ಲೆಗೇ ಬರುತ್ತೇನೆ. 2024ರ ಅಕ್ಟೋಬರ್, ನವೆಂಬರ್ ನೆನಪಿದೆಯಲ್ಲ? ವಿಜಯಪುರ ಜಿಲ್ಲೆಯಿಂದ ಶುರುವಾಗಿ, ರೈತರ ಉತಾರದಲ್ಲಿ ವಕ್ಫ್ ಹೆಸರು ಬಂದಿದೆ ಎಂಬ ಗದ್ದಲ ಎದ್ದಿತ್ತು. ಕೆಲವು ಕಡೆ ನೋಟಿಸು ಹೋದದ್ದು ನಿಜ. ಕೊನೆಗೆ ಸರ್ಕಾರವೇ ಅವನ್ನು ಹಿಂದಕ್ಕೆ ಪಡೆಯಲು ಹೇಳಿತು. ಹೊಲ ಹೋಗುತ್ತದೆ ಎಂಬ ಭಯ ಒಕ್ಕಲಿಗನಿಗೆ ಎಂಥದ್ದು ಎಂಬುದನ್ನು ಈ ಸಭೆಗೆ ವಿವರಿಸಬೇಕಾಗಿಲ್ಲ. ಅಕ್ಟೋಬರ್ ಕೊನೆಯಲ್ಲಿ ಸವಣೂರು ತಾಲ್ಲೂಕಿನ ಕಡಕೋಳದಲ್ಲಿ ಅದೇ ವದಂತಿಯಿಂದ ಮನೆಗಳ ಮೇಲೆ ಕಲ್ಲು ಬಿದ್ದವು. ನವೆಂಬರ್ 13ಕ್ಕೆ ಶಿಗ್ಗಾವಿ ಉಪಚುನಾವಣೆ. ಅದಕ್ಕೆ ಆರು ದಿನ ಮೊದಲು ಒಂದು ಸುದ್ದಿ ಹೊರಟಿತು: ಹಾವೇರಿ ಜಿಲ್ಲೆಯ ರೈತನೊಬ್ಬ ತನ್ನ ಜಮೀನು ವಕ್ಫ್ ಪಾಲಾಯಿತೆಂದು ಆತ್ಮಹತ್ಯೆ ಮಾಡಿಕೊಂಡ ಎಂದು. ಕನ್ನಡದ ಸುದ್ದಿ ಜಾಲತಾಣಗಳಲ್ಲಿ ಬಂದದ್ದನ್ನು ಸಂಸದ ತೇಜಸ್ವಿ ಸೂರ್ಯ ಅವರು ಹಂಚಿಕೊಂಡರು. ಪೊಲೀಸರು ಸ್ಪಷ್ಟನೆ ಕೊಟ್ಟರು: ಆ ರೈತ ತೀರಿಕೊಂಡದ್ದು 2022ರ ಜನವರಿಯಲ್ಲಿ, ಸಾಲ ಮತ್ತು ಬೆಳೆಹಾನಿಯ ಕಾರಣಕ್ಕೆ. ಪೋಸ್ಟ್ ತೆಗೆದುಹಾಕಲಾಯಿತು. ಮೊಕದ್ದಮೆಯೂ ಆಯಿತು.

ಪಕ್ಷದ ಮಾತು ನನಗೆ ಬೇಡ. ಇಂಥ ಸುದ್ದಿ ಎಲ್ಲ ಬಣ್ಣದ ಫೋನುಗಳಿಂದಲೂ ಹೊರಡುತ್ತದೆ. ನಾನು ಹೇಳುವುದು ಇಷ್ಟು: ಸಾವು ನಿಜ, ಉತಾರದ ಭಯವೂ ನಿಜ, ಎರಡನ್ನೂ ಸೇರಿಸಿದ ಗಂಟು ಮಾತ್ರ ಸುಳ್ಳು. ಪೂರ್ತಿ ಸುಳ್ಳಾಗಿದ್ದರೆ ಯಾರೂ ನಂಬುತ್ತಿರಲಿಲ್ಲ. ಇನ್ನು ಅದು ಸುಳ್ಳೆಂದು ಮೊದಲು ಗೊತ್ತಿದ್ದವರು ಯಾರು? ಆ ಓಣಿಯವರು, ಆ ಬೀಗರು, ಎರಡು ವರ್ಷದ ಹಿಂದೆ ಮಣ್ಣಿಗೆ ಹೋಗಿ ಬಂದವರು. ಬೆಂಗಳೂರಿಗೆ ಗೊತ್ತಿರದ ದಿನಾಂಕ ಅವರಿಗೆ ಬಾಯಿಪಾಠ. ಅವರ ಮನೆಯಲ್ಲೂ ಹುಡುಗರಿರುತ್ತಾರೆ, ಹುಡುಗರ ಕೈಯಲ್ಲೂ ಫೋನು ಇರುತ್ತದೆ.

ಕಾನೂನು ನೋಡಿಕೊಳ್ಳುತ್ತದೆ ಅನ್ನುತ್ತೀರಾ? ಆ ಮೊಕದ್ದಮೆಯನ್ನು ಹೈಕೋರ್ಟ್ ಅದೇ ಡಿಸೆಂಬರಿನಲ್ಲಿ ರದ್ದುಮಾಡಿತು. ಸರ್ಕಾರ ಹಾಕಿದ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ತಳ್ಳಿಹಾಕಿತು. ರಾಜಕೀಯ ಹೋರಾಟವನ್ನು ಮತದಾರರ ಮುಂದೆ ಮಾಡಿಕೊಳ್ಳಿ ಎಂಬ ಅರ್ಥದ ಮಾತು ಹೇಳಿತು. ನನಗೆ ಅದರಲ್ಲಿ ತಕರಾರಿಲ್ಲ. ತಪ್ಪು ಸುದ್ದಿ ಹಂಚಿದವರನ್ನೆಲ್ಲ ಪೊಲೀಸರು ಹಿಡಿಯುತ್ತ ಹೋದರೆ ನಾಳೆ ಸರಿ ಮಾತಾಡುವವರೂ ಅಂಜುತ್ತಾರೆ. ಆದರೆ ಕೋರ್ಟು ಅಪರಾಧವಲ್ಲ ಎಂದದ್ದಕ್ಕೆ ಸುದ್ದಿ ನಿಜವಾಗುವುದಿಲ್ಲ. ಅದನ್ನು ತಿದ್ದುವ ಕೆಲಸ ಪುನಃ ಗುಂಪಿನಲ್ಲಿರುವವರ ಮೇಲೆಯೇ ಬರುತ್ತದೆ.

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್ಆ್ಯಪ್ ಸುದ್ದಿ ನಂಬಿ ಜನ ಒಬ್ಬ ಅಮಾಯಕನನ್ನು ಹೊಡೆದು ಕೊಂದರು. ಅದೇ ತಿಂಗಳು ವಾಟ್ಸ್ಆ್ಯಪ್ ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಐದಕ್ಕಿಂತ ಹೆಚ್ಚು ಕಡೆ ಒಮ್ಮೆಲೇ ಕಳಿಸದಂತೆ ಮಿತಿ ಹಾಕಿತು. ಯಂತ್ರದವರು ಅಷ್ಟು ಮಾಡಬಲ್ಲರು. 'ಕಾಕಾ, ಇದು ಯಾವ ಊರಾಗ ಆಗೈತ್ರೀ?' ಎಂದು ಅವರು ಕೇಳಲಾರರು.

2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರಕ್ಕಾಗಿ ನಿಂತ ರೈತರ ಮೇಲೆ ಗೋಲಿಬಾರ್ ಆಗಿ ಇಬ್ಬರು ಜೀವ ಕಳೆದುಕೊಂಡರು. ಆ ಸುದ್ದಿ ಊರೂರಿಗೆ ಬಸ್ಸಿನಲ್ಲಿ ಬಂತು, ಟಿವಿಯಲ್ಲಿ ಬಂತು, ಮರುದಿನ ಪತ್ರಿಕೆಯಲ್ಲಿ ಬಂತು. ಆಗಲೂ ವದಂತಿ ಇದ್ದವು. ಆದರೆ ಕಟ್ಟೆಯ ಮೇಲೆ ಯಾರಾದರೂ ಹೆಚ್ಚಿಗೆ ಹೇಳಿದರೆ 'ನೀ ಅಲ್ಲಿ ಇದ್ದೇನಪಾ?' ಎಂದು ಕೇಳುವ ಒಬ್ಬ ಅಜ್ಜ ಇರುತ್ತಿದ್ದ, ಹೇಳಿದವನು ಮುಖ ಮುಚ್ಚಿಕೊಂಡು ಎದ್ದುಹೋಗಲು ಆಗುತ್ತಿರಲಿಲ್ಲ.

ಕೊನೆಗೆ, ಈ ಮಹೋತ್ಸವಕ್ಕೆಂದು ಮಾಡಿದ ನಮ್ಮ ಹಳೆಯ ವಿದ್ಯಾರ್ಥಿಗಳ ಗುಂಪಿನ ವಿಚಾರ. ಅದರ ಮೊದಲ ನಿಯಮ 'ರಾಜಕೀಯ ನಿಷಿದ್ಧ'. ಉದ್ದೇಶ ಒಳ್ಳೆಯದೇ, ಜಗಳ ಆಗಬಾರದು. ಆದರೂ ನನಗೆ ಒಪ್ಪಿಗೆ ಇಲ್ಲ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆಯೇ ಇಲ್ಲ. ನಿಂತ ಇಬ್ಬರೂ ಇದೇ ಗುಂಪಿನಲ್ಲಿ ಇರಬಹುದು. ಕೆರೆ, ರಸ್ತೆ, ಗೋವಿನಜೋಳದ ರೇಟು ಇವು ಮಾತಾದರೆ ರಾಜಕೀಯವೋ ಅಲ್ಲವೋ, ತೀರ್ಮಾನಿಸುವವರು ಯಾರು? ಈ ನಿಯಮಕ್ಕೆ ಬಾಯಿ ಮುಚ್ಚಿಕೊಳ್ಳುವವರು ಮೊದಲೇ ಸುಮ್ಮನಿದ್ದ ಕಿರಿಯರು. ಫಾರ್ವರ್ಡ್ ಮಾಡುವವರು 'ಇದು ರಾಜಕೀಯ ಅಲ್ಲ, ಮಾಹಿತಿಗಾಗಿ' ಎಂದು ಮೇಲೆ ಬರೆದು ಹಾಕುತ್ತಲೇ ಇದ್ದಾರೆ.

ನಿಯಮ ತೆಗೆದು ಇದನ್ನು ಹಾಕೋಣ ಎಂದು ನನ್ನ ವಿನಂತಿ: ಸುದ್ದಿ ಹಾಕಿದವರು ಊರು ಮತ್ತು ದಿನಾಂಕ ಹೇಳಬೇಕು, ಗುಂಪಿನಲ್ಲಿ ಎಷ್ಟೇ ಚಿಕ್ಕವರು ಕೇಳಿದರೂ ಹೇಳಬೇಕು. ಹಾಗೆ ಕೇಳಿದ್ದನ್ನು ಎದುರುತ್ತರ ಎಂದು ಹಿರಿಯರು ಎಣಿಸಬಾರದು. ಗುಂಪಿನ ಅಡ್ಮಿನ್ ಮೂರನೇ ಸಾಲಿನಲ್ಲಿ ಕುಳಿತಿದ್ದಾರೆ, ಆಗಿನಿಂದ ಫೋನನ್ನೇ ನೋಡುತ್ತಿದ್ದಾರೆ. ಊಟಕ್ಕೆ ಏಳುವ ಮೊದಲು ಹೂಂ ಅಥವಾ ಊಹೂಂ ಅಂದರೆ ಸಾಕು.