ಐಸಿಯು ಕಟ್ಟುವ ಮೊದಲು ದಾದಿಯರನ್ನು ಕೇಳಿ
(ಉಪ್ಪಾರಹಳ್ಳಿಯ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಮಾಡಿದ ಭಾಷಣ)



ದಾನಿಗಳಲ್ಲಿ ಕೆಲವರು ಐಸಿಯುಗೆ ಹಾಸಿಗೆ, ವೆಂಟಿಲೇಟರ್ ಕೊಡಿಸುವ ನಿಯ್ಯತ್ ಮಾಡಿದ್ದೀರಿ. ಅಲ್ಲಾಹ್ ಕಬೂಲ್ ಮಾಡಲಿ. ಹಣ ಕೊಡುವ ಮುಂಚೆ ಒಂದು ಮಾತು ಕೇಳಿ: ಆ ಕೋಣೆಯ ನಕ್ಷೆಯನ್ನು ಅಲ್ಲಿ ದುಡಿಯುವ ದಾದಿಯರಿಗೆ ತೋರಿಸಿದ್ದಾರೆಯೇ?

ನಮ್ಮ ಮನೆಯವರು ಒಂದು ಆಸ್ಪತ್ರೆಯ ಐಸಿಯುನಲ್ಲಿ ಒಂಬತ್ತು ದಿನ ಇದ್ದರು. ಹೊಸ ಕಟ್ಟಡ, ಹೊಳೆಯುವ ನೆಲ. ಆದರೆ ದಾದಿಯ ಮೇಜಿಗೂ ಇವರ ಮಂಚಕ್ಕೂ ನಡುವೆ ಒಂದು ಕಂಬ. ಮುಖ ನೋಡಬೇಕಾದರೆ ಆ ಹುಡುಗಿ ಪ್ರತಿ ಸಲ ಎದ್ದು ಬರಬೇಕು. ಕೈ ತೊಳೆಯುವ ನಲ್ಲಿ ಬಾಗಿಲ ಹತ್ತಿರ, ಮಂಚ ಆ ತುದಿಯಲ್ಲಿ. ಪ್ಲಗ್ಗುಗಳೆಲ್ಲ ಒಂದೇ ಪಕ್ಕ. ರಾತ್ರಿಯೆಲ್ಲ ವೈರು ದಾಟಿಕೊಂಡೇ ಓಡಾಟ. "ಕೇಳಿದ್ದರೆ ಹೇಳುತ್ತಿದ್ದೆವು ಆಂಟಿ" ಎಂದಳು. ನಾನು ಪಾಠ ಮಾಡಿದ ಒಂದು ಶಾಲೆಯಲ್ಲೂ ಕಿಟಕಿಯ ಎದುರಿಗೇ ಕಪ್ಪುಹಲಗೆ ಹಾಕಿದ್ದರು. ಮಧ್ಯಾಹ್ನವಾದರೆ ಬೆಳಕು ಹೊಡೆದು ಅಕ್ಷರವೇ ಕಾಣುತ್ತಿರಲಿಲ್ಲ. ನಮ್ಮನ್ನೂ ಯಾರೂ ಕೇಳಿರಲಿಲ್ಲ.

ಇದು ಹೊಸ ವಿಚಾರವಲ್ಲ. ಕ್ರಿ.ಶ. 627ರ ಖಂದಕ್ ಯುದ್ಧದಲ್ಲಿ ಹಜರತ್ ಸಅದ್ ಬಿನ್ ಮುಆಝ್ ಅವರ ತೋಳಿಗೆ ಬಾಣ ತಗುಲಿದಾಗ, ಪ್ರವಾದಿಯವರು (ಸ) ಹತ್ತಿರದಿಂದಲೇ ವಿಚಾರಿಸಿಕೊಳ್ಳಲೆಂದು ಅವರನ್ನು ಮಸೀದಿಯ ಡೇರೆಯಲ್ಲೇ ಇರಿಸಿದರು. ಅದು ಗಾಯಾಳುಗಳ ಶುಶ್ರೂಷೆ ಮಾಡುತ್ತಿದ್ದ ರುಫೈದಾ ಅವರ ಡೇರೆ ಎಂದು ಸೀರಾ ಗ್ರಂಥಗಳಲ್ಲಿದೆ. ಫ್ಲಾರೆನ್ಸ್ ನೈಟಿಂಗೇಲ್ ಎಂದರೆ ನಾವು ಮಕ್ಕಳಿಗೆ ದೀಪ ಹಿಡಿದ ಚಿತ್ರವನ್ನಷ್ಟೇ ತೋರಿಸುತ್ತೇವೆ. ಆಕೆ 1859ರಲ್ಲಿ ಆಸ್ಪತ್ರೆ ಕಟ್ಟಡಗಳ ಬಗ್ಗೆಯೇ ಪುಸ್ತಕ ಬರೆದರು: ಕಿಟಕಿ ಎಲ್ಲಿರಬೇಕು, ಮಂಚಗಳ ನಡುವೆ ಎಷ್ಟು ಜಾಗ, ವಾರ್ಡ್ ದಾದಿಯ ಕಣ್ಣಿಗೆ ಹೇಗೆ ಕಾಣಬೇಕು. 1871ರಲ್ಲಿ ತೆರೆದ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಹೊಸ ಕಟ್ಟಡದಲ್ಲಿ ಅವರ ವಿಚಾರಗಳಿದ್ದವು.

ಖರ್ಚಿನ ಮಾತೂ ಅಲ್ಲ. ಖಾಲಿ ಹಾಲ್‌ನಲ್ಲಿ ಸೀಮೆಸುಣ್ಣದಿಂದ ಕೋಣೆಯ ಗೆರೆ ಎಳೆಯಿರಿ. ಒಂದು ಮಂಚ ಇಡಿ, ಯಂತ್ರಗಳ ಬದಲು ರಟ್ಟಿನ ಪೆಟ್ಟಿಗೆ ಇಡಿ. ದಾದಿಯರು ಅಲ್ಲಿ ಕೆಲಸ ಮಾಡಿ ತೋರಿಸಲಿ. ರೋಗಿಯ ತಲೆಯ ಹಿಂದೆ ನಿಂತು ಟ್ಯೂಬ್ ಹಾಕಲು ಜಾಗವಿದೆಯೇ, ಪಕ್ಕದಲ್ಲಿ ನಿಂತು ಎದೆ ಒತ್ತಲು ಆಗುತ್ತದೆಯೇ, ಗಂಟೆಯೊಳಗೆ ತಿಳಿಯುತ್ತದೆ. ಮೇಲ್ವಿಚಾರಕಿಯೊಬ್ಬರನ್ನೇ ಕೇಳಿ ಸಹಿ ಹಾಕಿಸಿಕೊಂಡರೆ ಸಾಲದು. ರಾತ್ರಿ ಪಾಳಿಯವರನ್ನೂ ಕರೆಸಿ.

ಈಗ ತಂದೆ-ತಾಯಂದಿರಿಗೆ. ಜಿಎನ್‌ಎಂ 3 ವರ್ಷ, ಬಿಎಸ್ಸಿ ನರ್ಸಿಂಗ್ 4 ವರ್ಷ. ರಾತ್ರಿ ಡ್ಯೂಟಿಯ ಚಿಂತೆ ನಿಮಗಿದೆ, ಗೊತ್ತು. ಆದರೆ ಓದುವ ಮಗಳಿಗೆ "ಡಾಕ್ಟರ ಮುಂದೆ ಬಾಯಿ ಬಿಡಬೇಡ" ಎಂದು ಮಾತ್ರ ಹೇಳಿ ಕಳಿಸಬೇಡಿ. ನಕ್ಷೆ ಮುಂದಿಟ್ಟ ದಿನ ಅವಳಿಗೆ ಅದನ್ನು ಓದಲು ಬರಬೇಕು. ಅಳತೆ, ಸ್ಕೇಲು, ಚದರಡಿಯ ಲೆಕ್ಕ ನಾನು ಹೇಳಿಕೊಡುತ್ತೇನೆ. ಭಾನುವಾರ ಜೊಹರ್ ನಮಾಜಿನ ನಂತರ ಮನೆಗೆ ಬನ್ನಿ. ಪಟ್ಟಿ, ಪೆನ್ಸಿಲ್ ತನ್ನಿ.