ಕತ್ತಿ ಹಿಡಿಯದ ಡಾಕ್ಟರು



ಇವತ್ತು ಪಾಠ ಸ್ವಲ್ಪ ಪಕ್ಕಕ್ಕಿಡೋಣ. ಒಂದು ಬಗೆಯ ಡಾಕ್ಟರ ವಿಷಯ ಮಾತಾಡೋಣ.

ನಮಗೆ ಹೆರಿಗೆ ಡಾಕ್ಟರು ಗೊತ್ತು. ಕಣ್ಣಿನ ಡಾಕ್ಟರು ಗೊತ್ತು. ಆಪರೇಷನ್ ಮಾಡುವವರೂ ಗೊತ್ತು. ಇನ್ನೊಬ್ಬರಿದ್ದಾರೆ. ಇವರು ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ. ದೊಡ್ಡವರ ಮೈಯೊಳಗಿನ ಕಾಯಿಲೆ ನೋಡ್ತಾರೆ. ಔಷಧ ಕೊಟ್ಟು ವಾಸಿ ಮಾಡ್ತಾರೆ. ವಾಸಿಯಾಗದ ಕಾಯಿಲೆಯನ್ನು ಹತೋಟಿಯಲ್ಲಿ ಇಡ್ತಾರೆ. ಇವರಿಗೆ ಫಿಜಿಷಿಯನ್ ಅಂತ ಹೆಸರು. ಬಿಪಿ, ಸಕ್ಕರೆ ಕಾಯಿಲೆ, ಕ್ಷಯ, ಕಾಮಾಲೆ, ಬಿಡದ ಜ್ವರ, ದಮ್ಮು ಎಲ್ಲ ಇವರ ಪಾಲಿಗೆ ಬರುತ್ತೆ. ಹಾವು ಕಚ್ಚಿದವರನ್ನು ನೋಡೋರೂ ಬಹಳ ಕಡೆ ಇವರೇ.

ಜಿಲ್ಲಾ ಆಸ್ಪತ್ರೆಯಲ್ಲಿ ಇವರ ವಿಭಾಗಕ್ಕೆ 'ಜನರಲ್ ಮೆಡಿಸಿನ್' ಅಂತಾರೆ. ಕೆಲವರು ಆ ಬೋರ್ಡು ನೋಡಿ, ಔಷಧ ಕೊಡುವ ಜಾಗ ಅಂದುಕೊಂಡು ಸಾಲು ನಿಲ್ತಾರೆ. ಅದು ಔಷಧ ಕೊಡುವ ಕಿಟಕಿ ಅಲ್ಲ. ಡಾಕ್ಟರು ಕೂತು ನೋಡುವ ಜಾಗ.

ಇವರ ಓದು ಎಷ್ಟು ಗೊತ್ತಾ? ಎಂ.ಬಿ.ಬಿ.ಎಸ್. ನಾಲ್ಕೂವರೆ ವರ್ಷ. ಆಮೇಲೆ ಒಂದು ವರ್ಷ ಆಸ್ಪತ್ರೆಯಲ್ಲಿ ಕೆಲಸ ಕಲೀಬೇಕು. ಅದಾದ ಮೇಲೆ ಎಂ.ಡಿ. 3 ವರ್ಷ. ಒಟ್ಟು ಎಂಟೂವರೆ ವರ್ಷ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಾಮಾನ್ಯವಾಗಿ ಎಂ.ಬಿ.ಬಿ.ಎಸ್. ಡಾಕ್ಟರು ಇರ್ತಾರೆ. ಮೊದಲು ಅವರ ಹತ್ತಿರವೇ ಹೋಗಬೇಕು. ಬೇಕಾದರೆ ಅವರೇ ಚೀಟಿ ಬರೆದು ಫಿಜಿಷಿಯನ್ ಹತ್ತಿರ ಕಳಿಸ್ತಾರೆ.

ಈಗ ಒಂದು ದೂರು. ನೀವೇ ಹೇಳ್ತೀರಲ್ಲ! "ಅಷ್ಟು ದೂರ ಬಸ್ಸಿಗೆ ದುಡ್ಡು ಕೊಟ್ಟು ಹೋದೆವು. ಆ ಡಾಕ್ಟರು ಏನೂ ಮಾಡಲಿಲ್ಲ. ಬರೀ ಪ್ರಶ್ನೆ ಕೇಳಿದರು. ಒಂದು ಸೂಜಿ ಕೂಡ ಹಾಕಲಿಲ್ಲ."

ಪ್ರಶ್ನೆ ಕೇಳೋದೇ ಇವರ ದೊಡ್ಡ ಕೆಲಸ ಕಣ್ರೀ. 'ಸುಸ್ತು' ಅನ್ನೋ ಒಂದು ಮಾತು ತಗೊಳ್ಳಿ. ರಕ್ತ ಕಡಿಮೆ ಇದ್ದರೂ ಸುಸ್ತು. ಸಕ್ಕರೆ ಕಾಯಿಲೆ ಇದ್ದರೂ ಸುಸ್ತು. ಕ್ಷಯಕ್ಕೂ ಸುಸ್ತು, ಹೃದಯ ಸೋತರೂ ಸುಸ್ತು, ಮನಸ್ಸಿಗೆ ಚಿಂತೆ ಹತ್ತಿದರೂ ಸುಸ್ತು. ಎಲ್ಲಕ್ಕೂ ಒಂದೇ ಮಾತ್ರೆ ಕೊಡೋಕೆ ಆಗುತ್ತಾ? ಅದಕ್ಕೇ ಕೇಳ್ತಾರೆ. ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳ್ತೀರಿ? ಕೆಮ್ಮು ಎಷ್ಟು ದಿನದಿಂದ? ಬಟ್ಟೆ ಸಡಿಲ ಆಗಿದೆಯಾ? ಮಲಗಿದರೆ ಉಸಿರು ಕಟ್ಟುತ್ತಾ?

ಜ್ವರಕ್ಕೂ ಹಾಗೇ. "ಕಾಡಿಗೆ ಹೋಗಿದ್ರಾ? ಗದ್ದೆ ನೀರಲ್ಲಿ ಇಳಿದಿದ್ರಾ?" ಅಂತಾರೆ. ಇದು ಕಾಡುಹರಟೆ ಅಲ್ಲ. ಗದ್ದೆಯ ಕೆಸರಿನಲ್ಲಿ ಇಲಿ ಮೂತ್ರ ಸೇರಿದ್ದರೆ ಇಲಿ ಜ್ವರ ಬರಬಹುದು. ಮಲೆನಾಡಿನ ಕಾಡಲ್ಲಿ ಉಣ್ಣೆ ಕಚ್ಚಿದರೆ ಮಂಗನ ಕಾಯಿಲೆ ಬರಬಹುದು. ಆ ಕಾಯಿಲೆಯನ್ನು ಮೊದಲು ಗುರುತಿಸಿದ್ದು ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ.

ಪ್ರಶ್ನೆ ಆದ ಮೇಲೆ ಕೈ ಮತ್ತು ಕಿವಿ. ಕಣ್ಣಿನ ಕೆಳರೆಪ್ಪೆ ಎಳೆದು ನೋಡ್ತಾರೆ. ಅಲ್ಲಿ ಬಿಳಿಚಿದ್ದರೆ ರಕ್ತ ಕಡಿಮೆ ಇರಬಹುದು. ಕಾಲಿನ ಗಂಟಿನ ಹತ್ತಿರ ಹೆಬ್ಬೆರಳು ಒತ್ತಿ ನೋಡ್ತಾರೆ. ಕುಳಿ ಬಿದ್ದರೆ ಕಾಲಲ್ಲಿ ನೀರು ಸೇರಿದೆ ಅಂತ. ಆಗ ಹೃದಯ, ಕಿಡ್ನಿ, ಲಿವರ್ ಮೂರನ್ನೂ ವಿಚಾರಿಸ್ತಾರೆ. ಎದೆ ಮೇಲೆ ಬೆರಳಿಟ್ಟು, ಇನ್ನೊಂದು ಬೆರಳಿನಿಂದ ಟಕ ಟಕ ಬಡಿಯುತ್ತಾರೆ. ನಾವು ಸಂತೆಯಲ್ಲಿ ತೆಂಗಿನಕಾಯಿ, ಹಲಸಿನಹಣ್ಣು ಬಡಿದು ನೋಡೋದಿಲ್ಲವಾ? ಹಾಗೇ. ಗಾಳಿ ಇರೋ ಜಾಗದ ಸದ್ದು ಬೇರೆ, ನೀರು ತುಂಬಿದ ಜಾಗದ ಸದ್ದು ಬೇರೆ. ಈ ಉಪಾಯವನ್ನು 1761ರಲ್ಲಿ ಪುಸ್ತಕವಾಗಿ ಬರೆದವರು ಆಸ್ಟ್ರಿಯಾ ದೇಶದ ಅವೆನ್‌ಬ್ರುಗರ್ ಎಂಬ ಡಾಕ್ಟರು. ಎದೆಗೆ ಇಡೋ ಕೊಳವೆ ಬಂದದ್ದು ಆಮೇಲೆ, 1816ರಲ್ಲಿ. ಫ್ರಾನ್ಸ್ ದೇಶದ ಲೆನೆಕ್ ಎಂಬ ಡಾಕ್ಟರು ಕಾಗದ ಸುತ್ತಿ ಅದರಲ್ಲಿ ಎದೆಬಡಿತ ಕೇಳಿದರು.

ರಕ್ತ, ಮೂತ್ರ, ಕಫದ ಪರೀಕ್ಷೆ, ಎಕ್ಸ್‌ರೇ ಬರೋದು ಇದೆಲ್ಲ ಆದ ಮೇಲೆ.

"ಒಂದು ಬಾಟ್ಲಿ ಏರಿಸಿ ಸಾರ್, ಶಕ್ತಿ ಬರುತ್ತೆ" ಅಂತ ಕೇಳ್ತೀವಲ್ಲ, ಆ ಲೆಕ್ಕವನ್ನೂ ನೋಡೋಣ. ಸಾಮಾನ್ಯ ಗ್ಲೂಕೋಸ್ ಬಾಟ್ಲಿಯಲ್ಲಿ 500 ಮಿಲಿ ನೀರು. ಅದರಲ್ಲಿ 25 ಗ್ರಾಂ ಗ್ಲೂಕೋಸ್. ಅಂದರೆ 5-6 ಚಮಚ ಸಕ್ಕರೆಯಷ್ಟು. ವಾಂತಿಯಾಗಿ ನೀರೂ ನಿಲ್ಲದವರಿಗೆ ಬಾಟ್ಲಿ ಬೇಕೇ ಬೇಕು. ಉಣ್ಣೋಕೆ ಆಗುವವರಿಗೆ ರಾಗಿ ಅಂಬಲಿ ಇದಕ್ಕಿಂತ ಮೇಲು. ಕೇಳಿದ ತಕ್ಷಣ ಬಾಟ್ಲಿ ಏರಿಸುವವರು ಒಳ್ಳೆ ಡಾಕ್ಟರು, ಏರಿಸದವರು ಕೆಟ್ಟವರು ಅನ್ನೋ ಲೆಕ್ಕ ನಮಗೆ ಸರಿ ಕಾಣೋದಿಲ್ಲ.

ಬಿಪಿ ಮಾತಿಗೆ ಬರೋಣ. 120/80 ಇದ್ದರೆ ಚೆನ್ನ. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಬಿಪಿ ಇದೆ ಅಂತ. ಬಹಳ ಜನಕ್ಕೆ ನೋವೇ ಇರೋದಿಲ್ಲ. ಅದೇ ಇದರ ಮೋಸ.

ನಮ್ಮ ಕೇಂದ್ರಕ್ಕೆ ಒಬ್ಬರು ಹಿರಿಯರು ಬರ್ತಾರೆ. ಅವರಿಗೆ ಬಿಪಿ ಇತ್ತು. ಮಾತ್ರೆ ತಗೊಂಡರು. ಎರಡು ತಿಂಗಳಾದ ಮೇಲೆ ನರ್ಸಮ್ಮ ನೋಡಿ, "ಈಗ ಸರಿ ಇದೆ ಯಜಮಾನ್ರೇ" ಅಂದರು. ಇವರು "ಸರಿ ಇದ್ದ ಮೇಲೆ ಮಾತ್ರೆ ಯಾಕೆ?" ಅಂತ ಬಿಟ್ಟರು. ಸರಿ ಇದ್ದದ್ದು ಮಾತ್ರೆಯಿಂದಲೇ! ಸುಗ್ಗಿ ಹೊತ್ತಿಗೆ ಕಣದಲ್ಲಿ ಬಿದ್ದರು. ಬಾಯಿ ಓರೆ ಆಯಿತು, ಬಲಗೈ ಬಿದ್ದುಹೋಯಿತು. ಮನೆಯವರು ಮೂರು ದಿನ ಎಣ್ಣೆ ತಿಕ್ಕಿ ನೋಡಿ, ಆಮೇಲೆ ಆಸ್ಪತ್ರೆಗೆ ಒಯ್ದರು. ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆದಿದ್ದರೆ, ಅದನ್ನು ಕರಗಿಸೋ ಇಂಜೆಕ್ಷನ್ ಇದೆ. ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಮೂರು ದಿನ ಕಳೆದಿತ್ತಲ್ಲ! ಈಗ ಆ ಹಿರಿಯರು ಎಡಗೈಯಲ್ಲಿ ಅಕ್ಷರ ತಿದ್ತಾರೆ. 'ಅ' ಬರೆಯೋಕೆ ಒಂದು ವಾರ ಹಿಡಿಯಿತು. ಮಾತ್ರೆ ಮಾತ್ರ ಒಂದು ದಿನವೂ ಬಿಡೋದಿಲ್ಲ.

ಬಾಯಿ ಓರೆಯಾದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ, ಎದೆ ಹಿಂಡಿದ ಹಾಗೆ ನೋವು ಬಂದರೆ ತಡ ಮಾಡಬೇಡಿ. 108ಕ್ಕೆ ಫೋನು ಮಾಡಿ. ಆ ಗಾಡಿಗೆ ದುಡ್ಡು ಕೊಡಬೇಕಿಲ್ಲ.

ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿರುತ್ತೆ, ನಿಜ. ಆದರೂ ನೀವು ಕಲಿತ ಅಂಕಿ ಅಲ್ಲಿ ಕೆಲಸಕ್ಕೆ ಬರುತ್ತೆ. ಮಾತ್ರೆ ಹೆಸರಿನ ಮುಂದೆ 1-0-1 ಅಂತ ಇದೆಯಾ ನೋಡಿ. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಅಂತ ಅರ್ಥ. 0-0-1 ಇದ್ದರೆ ರಾತ್ರಿ ಮಾತ್ರ. ಊಟಕ್ಕೆ ಮೊದಲೋ ಆಮೇಲೋ ಅಂತ ಬಾಯಿಬಿಟ್ಟು ಕೇಳಿ. ಕೇಳಿದರೆ ಬೈತಾರೆ ಅನ್ನೋ ಭಯ ಬೇಡ. ಮಾತ್ರೆ ಪಟ್ಟಿಯ ಮೇಲೆ ತಿಂಗಳು, ವರ್ಷ ಎರಡು ಕಡೆ ಇರುತ್ತೆ. ಒಂದು ತಯಾರಾದದ್ದು, ಇನ್ನೊಂದು ಅವಧಿ ಮುಗಿಯೋದು. ಮುಂದಿನ ದಿನಾಂಕ ನೋಡಿಕೊಳ್ಳಿ.

ಹೋಗುವಾಗ ಹಳೆ ಚೀಟಿಗಳನ್ನು ಒಂದು ಚೀಲದಲ್ಲಿ ಹಾಕಿಕೊಳ್ಳಿ. ತಿನ್ನುತ್ತಿರೋ ಮಾತ್ರೆಗಳ ಪಟ್ಟಿಯನ್ನೂ ಒಯ್ಯಿರಿ. ನಾಟಿ ಔಷಧ ತಗೊಂಡಿದ್ದರೆ ಮುಚ್ಚಿಡಬೇಡಿ. ಬೀಡಿ, ಹೆಂಡದ ವಿಷಯವನ್ನೂ ಇದ್ದದ್ದು ಇದ್ದಂಗೆ ಹೇಳಿ. ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆ ಇದ್ದರೆ 8 ಗಂಟೆ ಏನೂ ತಿಂದಿರಬಾರದು, ಟೀ ಕೂಡ. ನೀರು ಕುಡಿಯಬಹುದು.

30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ, ಸಕ್ಕರೆ ಪರೀಕ್ಷೆ ದುಡ್ಡಿಲ್ಲದೆ ಮಾಡ್ತಾರೆ. ಯಾವ ದಿನ ಹೋಗಬೇಕು ಅಂತ ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ಕೇಳಿ. ಆ ದಿನಾಂಕವನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ನೀವೇ ಬರೆದುಕೊಳ್ಳಿ. ನಾಳೆ ತರಗತಿಯಲ್ಲಿ ಒಬ್ಬೊಬ್ಬರೇ ಓದಿ ಹೇಳಿ.